ಕೀಲೆಣ್ಣೆಯಿಂದ ಗ್ರೀಸಿಗೆ

ರಥದ ಕಳಶವನ್ನು ವರ್ಣಿಸುವವರು ಬಹಳ. ಅದರ ಅಚ್ಚಿಗೆ ಹಾಕಿದ ಎಣ್ಣೆಯನ್ನು ನೆನೆಯುವವರು ವಿರಳ. ಮೆರವಣಿಗೆಯಲ್ಲಿ ಎಷ್ಟು ಆನೆ, ಎಷ್ಟು ಕುದುರೆ ಎಂಬ ಲೆಕ್ಕ ನಮ್ಮ ಕಾವ್ಯಗಳಲ್ಲಿ ಧಾರಾಳವಾಗಿ ದೊರೆಯುತ್ತದೆ. ಹಿಂದಿನಿಂದ ಬಂದ ಗಾಡಿಗಳ ಅಚ್ಚು ಸವೆಯದಂತೆ ನೋಡಿಕೊಂಡವನ ಸುದ್ದಿ ಮಾತ್ರ ಸಿಗದು. ಮೋಟಾರು ಕಾರಿನ ಪಾಡೂ ಇದೇ. ಎಂಜಿನ್ನಿನ ಶಕ್ತಿ, ಮೈಬಣ್ಣ, ಬೆಲೆ ಇವುಗಳ ಮೇಲೆ ಬೇಕಾದಷ್ಟು ಬರೆದಿದ್ದಾರೆ. ಕಾರಿನ ಅಡಿಯಲ್ಲಿ ಅಂಗಾತ ಮಲಗಿ ಗ್ರೀಸು ಹೊಡೆದವರ, ತುಕ್ಕು ಕೆರೆದವರ ಚರಿತ್ರೆಯನ್ನು ಯಾರೂ ಹೆಚ್ಚಾಗಿ ಕೈಗೆತ್ತಿಕೊಂಡಂತಿಲ್ಲ. ರಾಜಾಜಿನಗರದಲ್ಲಿ ಬಹುಕಾಲದಿಂದ ವಾಸವಾಗಿರುವ ನಾನು, ನಾಲ್ಕು ದಶಕ ದಾಟಿದ ಒಂದು ಪದ್ಮಿನಿ ಕಾರನ್ನು ಇನ್ನೂ ಓಡಿಸುತ್ತಿದ್ದೇನೆ. ಆ ನೆಪದಿಂದ ಕಾರಿನ ತಳವನ್ನು ಹತ್ತಿರದಿಂದ ಬಲ್ಲೆ. ನಾನು ಹೇಳಬೇಕೆಂದಿರುವುದು ಇಷ್ಟೆ: ಬೆಂಗಳೂರು ಬಹು ಹಿಂದೆಯೇ ಕಾರು ತಯಾರಿಸುವ ಊರಾಗಬೇಕಾಗಿತ್ತು, ಅದು ತಪ್ಪಿತು, ಆದರೆ ಕಾರನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಚೆನ್ನಾಗಿ ಕಲಿಯಿತು. ಆ ವಿದ್ಯೆ ಈಗ ನಮ್ಮ ಕಣ್ಣೆದುರಿಗೇ ಕರಗುತ್ತಿದೆ.

ಈ ವಿದ್ಯೆಯ ಬೇರು ಮೋಟಾರಿಗಿಂತ ಹಳೆಯದು. ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗೆ ಬಳಿಯುತ್ತಿದ್ದ ಜಿಡ್ಡಿಗೆ ಕೀಲೆಣ್ಣೆ ಎಂದು ಹೆಸರು. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಅದನ್ನು ಮಾಡುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕುತ್ತಿದ್ದರು. ದೂರದ ಪ್ರಯಾಣಕ್ಕೆ ಮುಂಚೆ ಕಡಾಣಿ ಕಳಚಿ, ಚಕ್ರವನ್ನು ಸ್ವಲ್ಪ ಹೊರಕ್ಕೆಳೆದು, ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಈ ಕಪ್ಪು ಜಿಡ್ಡನ್ನು ಅಚ್ಚಿಗೆ ಬಳಿದರೆ ಗಾಡಿ ಕಿರುಗುಟ್ಟದೆ ಸಾಗುತ್ತಿತ್ತು. ಎಣ್ಣೆ ಸುಮ್ಮನೆ ಸೋರಿಹೋಗದಂತೆ ಕರಿ ಹಿಡಿದಿಡುತ್ತಿತ್ತು. ಮಾಗಡಿಯ ಕಡೆಯಿಂದಲೂ ಕೆಂಗೇರಿಯ ಕಡೆಯಿಂದಲೂ ಬೆಂಗಳೂರಿನ ಪೇಟೆಗೆ ರಾಗಿ, ಹುಲ್ಲು, ಸೌದೆ ಹೊತ್ತು ಬರುತ್ತಿದ್ದ ಗಾಡಿಗಳು ಉರುಳಿದುದು ಇಂಥ ಎಣ್ಣೆಯ ಮೇಲೆಯೇ. ರಾಗಿಯ ಹೊಲದ ಅಕ್ಕಡಿ ಸಾಲಿನಲ್ಲಿ ಹರಳು ಬೆಳೆಯುತ್ತಿತ್ತು. ಹೀಗೆ ಗಾಡಿ ಹೊರುವ ಧಾನ್ಯವೂ ಗಾಡಿಗೆ ಬೇಕಾದ ಎಣ್ಣೆಯೂ ಒಂದೇ ಹೊಲದಲ್ಲಿ ಹುಟ್ಟುತ್ತಿದ್ದುವು.

ಕೀಲೆಣ್ಣೆ ಎಂಬ ಮಾತೂ ಸ್ವಾರಸ್ಯವಾದುದು. ಕೀಲು ಎಂದರೆ ನಮಗೆ ಸಂದು, ಗೂಟ. ನೆರೆಯ ತಮಿಳಿನಲ್ಲಿ ಕೀಲ್ ಎಂದರೆ ಡಾಂಬರು. ನಮ್ಮ ಕೀಲೆಣ್ಣೆಯೊಳಗಿನ ಕೀಲು ಸಂದಿನದೋ ಡಾಂಬರಿನದೋ ಎಂಬುದನ್ನು ಪಂಡಿತರಿಗೆ ಬಿಡುತ್ತೇನೆ. ನನ್ನ ವಿಷಯಕ್ಕೆ ಎರಡೂ ಒಪ್ಪುತ್ತವೆ. ಕಾರಿನ ತಳಕ್ಕೆ ಮಾಡುವ ಉಪಚಾರ ಎರಡೇ: ಸಂದುಗಳು ಸವೆಯದಂತೆ ಜಿಡ್ಡು ಹಾಕುವುದು, ತಗಡು ತುಕ್ಕು ಹಿಡಿಯದಂತೆ ಲೇಪ ಕೊಡುವುದು.

ಹರಳೆಣ್ಣೆ ಗಾಡಿಯಲ್ಲಿಯೇ ನಿಲ್ಲಲಿಲ್ಲ. ಅದು ಬಲು ಮಂದವಾದ ಎಣ್ಣೆ, ಲೋಹಕ್ಕೆ ಅಂಟಿಕೊಳ್ಳುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಆದುದರಿಂದಲೇ ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳಲ್ಲಿ, ಸಿಲಿಂಡರುಗಳೇ ಗಿರಗಿರನೆ ಸುತ್ತುವ ಎಂಜಿನ್ನುಗಳಿಗೆ, ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಕಟ್ಟಿದ ಕಂಪನಿ, 1909ರಲ್ಲಿ ಹರಳೆಣ್ಣೆ ಬೆರೆಸಿದ ಒಂದು ಎಣ್ಣೆಯನ್ನು ಹೊರತಂದು, ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತು. ಇಂದು ನಮ್ಮ ಪೆಟ್ರೋಲ್ ಬಂಕುಗಳಲ್ಲಿ ಆ ಡಬ್ಬಿಯನ್ನು ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಅದರ ಹೆಸರಿನೊಳಗೆ ಹರಳಿನ ಗಿಡ ಅಡಗಿರುವುದು ಗೊತ್ತೋ ಕಾಣೆ.

ಎಣ್ಣೆ ಹರಿಯುತ್ತದೆ, ಗ್ರೀಸು ಇದ್ದಲ್ಲಿಯೇ ಇರುತ್ತದೆ. ಎಣ್ಣೆಗೆ ಸಾಬೂನನ್ನು ಬೆರೆಸಿ ಗಟ್ಟಿಮಾಡಿದರೆ ಗ್ರೀಸಾಯಿತು. ನಮ್ಮ ಪೇಟೆಯ ಗಂಧದ ಸಾಬೂನಿಗೂ ಗ್ಯಾರೇಜಿನ ಕೊಳೆ ಡಬ್ಬಿಗೂ ಹೀಗೆ ದೂರದ ನಂಟುಂಟು. ಸುಣ್ಣದ ಸಾಬೂನಿನ ಗ್ರೀಸು ನೀರಿಗೆ ಜಗ್ಗದು, ಕಾವಿಗೆ ಕರಗುತ್ತದೆ. ಸೋಡಾ ಸಾಬೂನಿನದು ಕಾವನ್ನು ತಾಳುತ್ತದೆ, ನೀರಿಗೆ ಸೋಲುತ್ತದೆ. ಎರಡನ್ನೂ ತಾಳುವ ಲಿಥಿಯಂ ಗ್ರೀಸು ಬಂದುದು 1940ರ ದಶಕದಲ್ಲಿ. ಸಂದಿನೊಳಕ್ಕೆ ಗ್ರೀಸನ್ನು ಒತ್ತಡದಿಂದ ನುಗ್ಗಿಸುವ ಗ್ರೀಸ್ ಗನ್ನನ್ನು ಅದಕ್ಕೆ ಮೊದಲೇ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಅಮೆರಿಕದ ಚಿಕಾಗೋ ನಗರದ ಆರ್ಥರ್ ಗಲ್ಬೋರ್ಗ್ ರೂಪಿಸಿದ್ದ. ಗನ್ನಿನ ಬಾಯನ್ನು ಕಚ್ಚಿಕೊಳ್ಳುವ ಪುಟ್ಟ ಮೊಳೆಯಂಥ ನಿಪ್ಪಲಿಗೆ ಆಸ್ಕರ್ ಜರ್ಕ್ ಎಂಬಾತ 1929ರಲ್ಲಿ ಪೇಟೆಂಟು ಪಡೆದ. ನಮ್ಮ ಮೇಸ್ತ್ರಿಗಳು ಇಬ್ಬರ ಹೆಸರನ್ನೂ ಕೇಳಿದವರಲ್ಲ. ಆದರೆ ಇಬ್ಬರ ಸಲಕರಣೆಯನ್ನೂ ಕೈಯಳತೆಯಿಂದ ಬಲ್ಲವರು.

ಇನ್ನು ಬೆಂಗಳೂರಿನ ಮಾತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ತಯಾರಿಸುವ ಕಾರ್ಖಾನೆಯೊಂದರ ಯೋಜನೆಯನ್ನು ಸಿದ್ಧಪಡಿಸಿದರು. ಅದಕ್ಕಾಗಿ ಯೂರೋಪು ಅಮೆರಿಕಗಳನ್ನು ಸುತ್ತಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಮೊದಲು ಮುಂಬಯಿಯಲ್ಲಿ ಎಂದಿದ್ದ ಯೋಜನೆಗೆ ಅಲ್ಲಿನ ಸರ್ಕಾರದ ಬೆಂಬಲ ತಪ್ಪಿದ ಮೇಲೆ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಲು ಮುಂದಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯೂ ಸಹಕರಿಸಲು ಒಪ್ಪಿತ್ತು. ಆದರೆ ಯುದ್ಧದ ಕಾಲ. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಮೈಸೂರು ಹಿಂದೆ ಸರಿಯಬೇಕಾಯಿತು. ವಿಧಿಯ ಆಟ ನೋಡಿ: ಕಾರಿನ ಮಾತುಕತೆಗೆಂದು ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್ ಹಿಂದಿರುಗುವಾಗ ದಾರಿಯಲ್ಲಿ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯನ್ನು ಸಂಧಿಸಿದರು. ಅದರ ಫಲವಾಗಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು. ಕಾರು ಬರಲಿಲ್ಲ. ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ಮುಂದೆ ಅಲ್ಲಿಯ ಕುರ್ಲಾದಿಂದಲೇ ಫಿಯಟ್ 1100 ಕಾರುಗಳು ಹೊರಬಂದುವು. 1970ರ ದಶಕದಲ್ಲಿ ಅದೇ ಕಾರಿಗೆ ಪದ್ಮಿನಿ ಎಂದು ಹೆಸರಾಯಿತು. ನನ್ನ ಮನೆಯ ಮುಂದೆ ನಿಂತಿರುವುದು, ಹೀಗೆ, ಬೆಂಗಳೂರಿನಲ್ಲಿ ಹುಟ್ಟುವ ಯೋಗ ತಪ್ಪಿದ ಮನೆತನದ ಕೂಸು. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿಯಲ್ಲಿ ಟೊಯೋಟಾ ಕಾರುಗಳು ತಯಾರಾಗತೊಡಗಿದುದು 1999ರ ಕೊನೆಗೆ. ವಿಶ್ವೇಶ್ವರಯ್ಯನವರ ಕನಸಿಗೂ ಅದಕ್ಕೂ ನಡುವೆ ಆರು ದಶಕಗಳೇ ಕಳೆದಿದ್ದುವು.

ಆ ಆರು ದಶಕಗಳಲ್ಲಿ ನಮ್ಮವರು ಮಾಡಿದುದೇನು? ಇದ್ದುದನ್ನು ಉಳಿಸಿಕೊಂಡರು. 1953ರಲ್ಲಿ ಸರ್ಕಾರ, ಬಿಡಿಭಾಗಗಳನ್ನು ಕ್ರಮೇಣ ಇಲ್ಲಿಯೇ ತಯಾರಿಸಲು ಒಪ್ಪುವ ಕಂಪನಿಗಳಿಗೆ ಮಾತ್ರ ಎಡೆಯೆಂದು ತೀರ್ಮಾನಿಸಿತು. ಫೋರ್ಡ್, ಜನರಲ್ ಮೋಟಾರ್ಸ್ ದೇಶ ಬಿಟ್ಟುವು. ಉಳಿದುವು ಮುಖ್ಯವಾಗಿ ಮೂರು: ಕಲ್ಕತ್ತೆಯ ಬಳಿಯ ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹಾಗೆ ಕಾದು ಪಡೆದ ಕಾರನ್ನು ಐದು ವರ್ಷಕ್ಕೆ ಮಾರಿ ಬೇರೊಂದನ್ನು ತರುವ ಆಲೋಚನೆ ಯಾರಿಗೆ ಬರುತ್ತದೆ? ತಂದೆಯ ಕಾರು ಮಗನಿಗೆ, ಮಗನದು ಮೊಮ್ಮಗನಿಗೆ. ಅಭಾವವೇ ಗುರುವಾಗಿ ಕಲಿಸಿದ ವಿದ್ಯೆ ಇದು.

ವಿದ್ಯೆಗೆ ತಕ್ಕ ನೆಲವೂ ಇಲ್ಲಿತ್ತು. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರು ಹೊತ್ತ ನಮ್ಮ ಬಡಾವಣೆ ಹುಟ್ಟಿದುದೇ ಕೈಗಾರಿಕೆಯ ಉಪನಗರವಾಗಿ. ಇಂದಿಗೂ ಒಂದು ಭಾಗಕ್ಕೆ ಇಂಡಸ್ಟ್ರಿಯಲ್ ಟೌನ್ ಎಂದೇ ಹೆಸರು. ಲೇತು, ಡ್ರಿಲ್ಲು, ವೆಲ್ಡಿಂಗಿನ ಸಣ್ಣ ಸಣ್ಣ ಷೆಡ್ಡುಗಳು ಇಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ ಹಬ್ಬಿದುವು. ಸವೆದ ಬುಷ್ಷನ್ನು ಕೊಟ್ಟರೆ ಅದೇ ಅಳತೆಯ ಹೊಸದನ್ನು ಕಂಚಿನಲ್ಲಿ ಕಡೆದುಕೊಡುವ ಕೈಗಳಿದ್ದುವು. ವಿಜಯನಗರ, ಬಸವೇಶ್ವರನಗರಗಳು ಬೆಳೆದಂತೆ ಗ್ಯಾರೇಜುಗಳೂ ಬೆಳೆದುವು. ಸಿಮೆಂಟಿನ ಗುಂಡಿ, ಅದರ ಮೇಲೆ ಕಾರು, ಗುಂಡಿಯೊಳಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಹುಡುಗ, ಕೈಯಲ್ಲಿ ಗ್ರೀಸ್ ಗನ್ನು: ಇದು ಅಂದಿನ ವಾಟರ್ ಸರ್ವಿಸ್ಸಿನ ನೋಟ.

ಈ ಮೂರು ಕಾರುಗಳ ತಳವನ್ನು ಬಲ್ಲವನಿಗೆ ಮೂರರ ಗುಣವೂ ಬೇರೆ ಎಂಬುದು ಗೊತ್ತು. ಅಂಬಾಸಿಡರಿಗೂ ಫಿಯಟಿಗೂ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ ಇಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ. ಆದರೂ ಗ್ಯಾರೇಜಿನ ಭಾಷೆಯಲ್ಲಿ ತಳಕ್ಕೆಲ್ಲ ಚಾಸಿ ಎಂದೇ ಹೆಸರು. ಫಿಯಟಿನ ಮುಂಚಕ್ರಗಳು ತಿರುಗುವುದು ಕಿಂಗ್‌ಪಿನ್ನಿನ ಮೇಲೆ. ಕಾರನ್ನು ಜಾಕಿಯಿಂದ ಎತ್ತಿ ಚಕ್ರದ ಭಾರವನ್ನು ಇಳಿಸದೆ ಗ್ರೀಸು ಹೊಡೆದರೆ, ಭಾರ ಬಿದ್ದು ಒತ್ತಿಕೊಂಡಿರುವ ಮಗ್ಗುಲಿಗೆ ಅದು ತಲುಪುವುದೇ ಇಲ್ಲ. ಸವೆಯುವುದೂ ಆ ಮಗ್ಗುಲೇ. 1961ರಿಂದ ಒಂದು ದಶಕ ಮದರಾಸಿನಿಂದ ಬಂದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಮಾತ್ರ ನಿಜವಾದ ಚಾಸಿ ಇತ್ತು. ಅದರ ಮುಂಚಕ್ರದ ಕೆಳಸಂದಿನಲ್ಲಿ ಮರೆ ಕೊರೆದ ಕಂಚಿನ ತುಂಡೊಂದಿದೆ. ಅದಕ್ಕೆ ಹಾಕಬೇಕಾದುದು ಗೇರ್ ಬಾಕ್ಸಿನ ಮಂದ ಎಣ್ಣೆ, ಗ್ರೀಸಲ್ಲ. ಗ್ರೀಸು ಮರೆಯೊಳಗೆ ಇಳಿಯದೆ ಗಟ್ಟಿಕಟ್ಟಿದರೆ ಸಂದು ಒಣಗಿ, ನೀರು ಸೇರಿ, ಉಕ್ಕು ಸೊರಗಿ, ಒಂದು ದಿನ ತಿರುವಿನಲ್ಲಿ ಚಕ್ರವೇ ಮಡಿಚಿಕೊಳ್ಳುತ್ತದೆ. ಎಲ್ಲ ಸಂದಿಗೂ ಒಂದೇ ಜಿಡ್ಡು ಎಂದುಕೊಳ್ಳುವವನು ಮೇಸ್ತ್ರಿಯಲ್ಲ.

ಸಂದಿನ ಶತ್ರು ಸವೆತ. ತಗಡಿನ ಶತ್ರು ತುಕ್ಕು. ತುಕ್ಕಿನ ಮಾತು ಬಂದಾಗ ಕೆಲವರು ದೆಹಲಿಯ ಕಬ್ಬಿಣದ ಕಂಬವನ್ನು ತೋರಿಸಿ, ಹಿಂದಿನವರಿಗೆ ತಿಳಿದದ್ದು ನಮಗೆ ತಿಳಿಯದೆ ಎನ್ನುತ್ತಾರೆ. ಅಷ್ಟು ದೂರ ಏಕೆ, ನಮ್ಮ ಕೊಡಚಾದ್ರಿಯ ಮೇಲೆ, ಮಳೆ ಮಂಜುಗಳ ನಡುವೆಯೇ, ಮೂಕಾಂಬಿಕೆಯ ಗುಡಿಯ ಬಳಿ ಒಂದು ಕಬ್ಬಿಣದ ಕಂಬ ನಿಂತಿದೆ. ಸುಮಾರು 1600 ವರ್ಷಗಳ ದೆಹಲಿಯ ಕಂಬವನ್ನು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು ಕೂಲಂಕಷವಾಗಿ ಪರೀಕ್ಷಿಸಿದರು. ಇದ್ದಿಲಿನಲ್ಲಿ ಕಾಸಿದ ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿರುವುದರಿಂದ ಮೈಮೇಲೆ ಒಂದು ಕಾಪಿನ ಪೊರೆ ಕಟ್ಟಿದೆ ಎಂದು ಅವರ ನಿರ್ಣಯ. ಕಾರಿನ ತಗಡಿಗೆ ಆ ಭಾಗ್ಯವಿಲ್ಲ. ಒಂದು ಮಿಲಿಮೀಟರಿನಷ್ಟು ದಪ್ಪ. ಬೇಕಾದ ಆಕಾರಕ್ಕೆ ಬಗ್ಗಲೆಂದು ಮಾಡಿದ ಮೆದು ಉಕ್ಕು. ಕಂಬದಲ್ಲಿ ಒಂದು ಮಿಲಿಮೀಟರು ಹೋದರೆ ಗೀರು. ಕಾರಿನಲ್ಲಿ ಹೋದರೆ ತೂತು.

ಬೆಂಗಳೂರಿನಲ್ಲಿ ಸಮುದ್ರದ ಉಪ್ಪುಗಾಳಿಯಿಲ್ಲ. ಮಂಗಳೂರಿನ ಮಳೆಯೂ ಇಲ್ಲ. ವರ್ಷಕ್ಕೆ ಬೀಳುವುದು ಸುಮಾರು 970 ಮಿಲಿಮೀಟರು. ಆದರೂ ಇಲ್ಲಿಯ ಕಾರು ತುಕ್ಕು ಹಿಡಿಯುತ್ತದೆ, ತನ್ನದೇ ಆದ ರೀತಿಯಲ್ಲಿ. ನಮ್ಮ ಕೆಮ್ಮಣ್ಣು ಚಕ್ರದ ಗೂಡಿನೊಳಗೆ ಮೆತ್ತಿಕೊಂಡು ಒದ್ದೆಬಟ್ಟೆಯ ಹಾಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತು ವಾರವಾದರೂ ಆ ಮಣ್ಣಿನ ಒಳಮೈ ಆರಿರುವುದಿಲ್ಲ. ಮೇಲೆ ಹೊಂಗೆಯ ಮರವಿದ್ದರೆ ನೆರಳಿಗೆ ಸೊಗಸು. ಆದರೆ ಅದರ ಹೂವು, ತರಗೆಲೆ ಗಾಜಿನ ಬುಡದ ತೂಬಿನಲ್ಲಿ ಸೇರಿ ನೀರಿನ ದಾರಿಯನ್ನು ಕಟ್ಟುತ್ತವೆ. ನೀರು ಒಳಗೆ ಇಳಿದು ಕಾಲಿಡುವ ತಗಡನ್ನು ಒಳಗಿನಿಂದ ತಿನ್ನುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಉಬ್ಬಿ, ಬಣ್ಣವನ್ನು ಸಿಡಿಸಿ, ಹೊಸ ತಗಡನ್ನು ನೀರಿಗೆ ಒಡ್ಡುತ್ತದೆ. ಓಡುವ ಕಾರಿಗಿಂತ ನಿಂತ ಕಾರು ಬೇಗ ಕೊಳೆಯುವುದು ಈ ಕಾರಣದಿಂದ.

ಇದಕ್ಕೆ ಹಳಬರು ಮಾಡುತ್ತಿದ್ದ ಉಪಾಯ ಸರಳವಾದುದು. ಮುಂಗಾರಿಗೆ ಮುನ್ನ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ತಳವನ್ನು ತೊಳೆದು ಪೂರ್ತಿ ಒಣಗಿಸುವುದು. ಬಾಗಿಲ ತಳದ, ಹೊಸ್ತಿಲ ತಳದ ತೂತುಗಳಿಗೆ ಕಡ್ಡಿ ಹಾಕಿ ನೀರಿನ ದಾರಿ ಬಿಡಿಸುವುದು. ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಕೆರೆದು ರೆಡ್ ಆಕ್ಸೈಡ್ ಬಳಿಯುವುದು. ಆ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಬಂಧುವೇ ಎಂಬುದು ವಿನೋದ. ಅದರ ಮೇಲೆ ಬಣ್ಣ. ಕೈಯೆಟುಕದ ಪೊಳ್ಳುಗಳೊಳಕ್ಕೆ ತೆಳುವಾದ ಎಣ್ಣೆ ಇಲ್ಲವೆ ಮೇಣ. ಗ್ರೀಸು ಹೊಡೆಯುವ ಮುಂಚೆ ನಿಪ್ಪಲಿನ ತಲೆಯನ್ನು ಒರೆಸುವುದು, ಇಲ್ಲವಾದರೆ ಗ್ರೀಸಿನ ಜೊತೆ ಮರಳೂ ಒಳಗೆ ಹೋಗುತ್ತದೆ. ಹಳೆಯ ಕಪ್ಪು ಜಿಡ್ಡು ಹೊರಬಂದು ಹೊಸದು ಕಾಣುವವರೆಗೆ ಒತ್ತುವುದು. ರಬ್ಬರಿನ ಬುಷ್ಷುಗಳಿಗೆ ಮಾತ್ರ ಎಣ್ಣೆ ಸೋಕಿಸಬಾರದು. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಕೆಲವು ಅಂಗಡಿಗಳಲ್ಲಿ ಇದಕ್ಕೆಲ್ಲ ಅಡ್ಡದಾರಿಯುಂಟು. ಕೆಲವು ವರ್ಷಗಳ ಹಿಂದೆ ಒಂದು ಕಡೆ ನನ್ನ ಕಾರಿನ ತಳಕ್ಕೆ ಡಾಂಬರಿನಂಥ ಕಪ್ಪು ಲೇಪ ಬಳಿದು, ಹತ್ತು ವರ್ಷ ನಿಶ್ಚಿಂತೆ ಎಂದು ಹೇಳಿ ಹಣ ತೆಗೆದುಕೊಂಡರು. ಎರಡು ಮಳೆಗಾಲ ಕಳೆಯಿತು. ರಾಜಾಜಿನಗರದ ನನ್ನ ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಮೆಲ್ಲನೆ ತಟ್ಟುತ್ತ ಹೋದರು. ಗಟ್ಟಿ ತಗಡಿನ ಟಣ್ ಎಂಬ ದನಿ ಒಂದು ಕಡೆ ಟೊಪ್ ಎಂದಿತು. “ಇಲ್ಲಿ ನೋಡಿ ಸ್ವಾಮಿ, ತುಕ್ಕನ್ನು ಕೆರೆಯದೆ ಅದಕ್ಕೇ ಹೊದಿಕೆ ಹೊದಿಸಿದ್ದಾರೆ” ಎಂದು ಲೇಪವನ್ನು ಕಿತ್ತರು. ಕೆಳಗೆ ತಗಡು ಹುರಿದ ಹಪ್ಪಳದಂತಿತ್ತು. ಜಾಕಿ ಕೊಡುವ ಜಾಗ ಅದು. ಭಾರ ಹೊರಬೇಕಾದ ಮೂಳೆಯೇ ಕಾಣದ ಹಾಗೆ ಕೊಳೆತಿತ್ತು. ಬಿರುಕು ಬಿಟ್ಟ ಲೇಪ ನೀರನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಕೆಡುಕನ್ನು ಮುಚ್ಚಿಡುವ ಲೇಪಕ್ಕಿಂತ ಲೇಪವಿಲ್ಲದ ತಳವೇ ಮೇಲು, ಕಣ್ಣಿಗಾದರೂ ಕಾಣುತ್ತದೆ.

ಹಳೆಯ ಪದ್ಧತಿಯೆಲ್ಲ ಒಳ್ಳೆಯದೆಂದು ನಾನು ಹೇಳಲಾರೆ. ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆಯನ್ನು ಡೀಸೆಲಿನಲ್ಲಿ ಬೆರೆಸಿ ತಳಕ್ಕೆಲ್ಲ ಚಿಮುಕಿಸುವ ವಾಡಿಕೆಯಿತ್ತು. ತುಕ್ಕು ತಡೆಯುವುದೇನೋ ನಿಜ. ಆದರೆ ಗುಂಡಿಯೊಳಗಿನ ಹುಡುಗನ ಚರ್ಮಕ್ಕೂ ಉಸಿರಿಗೂ ಅದು ವಿಷ. ತೊಳೆದ ನೀರು ಚರಂಡಿ ಸೇರುತ್ತಿತ್ತು. ಪಶ್ಚಿಮ ಬೆಂಗಳೂರಿನ ಚರಂಡಿಗಳ ನೀರು ಸೇರುವುದು ವೃಷಭಾವತಿಯನ್ನು. ಒಂದು ಕಾಲದ ಆ ತಿಳಿಹೊಳೆ ಇಂದು ಏನಾಗಿದೆ ಎಂಬುದನ್ನು ಕೆಂಗೇರಿಯ ಕಡೆ ಹೋದವರ ಮೂಗೇ ಹೇಳುತ್ತದೆ. ಬಳಸಿದ ಎಣ್ಣೆ ಈಗ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ತಳಕ್ಕೆ ಮೇಣದ ಲೇಪ ಕೊಟ್ಟು, ಕೆಟ್ಟ ಎಣ್ಣೆಯನ್ನು ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ಇಂದಿನ ಧರ್ಮ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅನಂತರ ಬಂದ ಕಾರುಗಳಲ್ಲಿ ಸಂದುಗಳನ್ನು ಆಯುಷ್ಯಕ್ಕಾಗುವಷ್ಟು ಗ್ರೀಸು ತುಂಬಿ ರಬ್ಬರಿನಿಂದ ಮುಚ್ಚಿಬಿಡುತ್ತಾರೆ. ಸತುವಿನ ಲೇಪದ ತಗಡನ್ನು ಬಳಸುತ್ತಾರೆ. ಒಳ್ಳೆಯ ಬದಲಾವಣೆಯೇ. ಆದರೆ ನಿಪ್ಪಲು ಹೋದಂತೆ ತಳವನ್ನು ನೋಡುವ ಅಭ್ಯಾಸವೂ ಹೋಯಿತು. ಪದ್ಮಿನಿಯ ತಯಾರಿಕೆ 2000ದ ಸುಮಾರಿಗೆ ನಿಂತಿತು, ಅಂಬಾಸಿಡರಿನದು 2014ರಲ್ಲಿ. ನಮ್ಮ ಬೀದಿಯ ಸುತ್ತಿನ ಗುಂಡಿಗಳನ್ನು ಒಂದೊಂದಾಗಿ ಮುಚ್ಚಿ ಮೇಲೆ ಅಂಗಡಿಗಳನ್ನು ಕಟ್ಟಿದ್ದಾರೆ. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಎಫ್.ಸಿ. ಮಾಡಿಸಿ ನೋಂದಣಿ ನವೀಕರಿಸಬೇಕು. ಅನಂತರ ಐದೈದು ವರ್ಷಕ್ಕೊಮ್ಮೆ. ಹೊಗೆಯ ಲೆಕ್ಕಕ್ಕೆ ಯಂತ್ರವಿದೆ. ತಗಡಿನ ದನಿಯಿಂದ ಅದರ ಬಲವನ್ನು ಅಳೆಯುವ ಕಿವಿಗೆ ಬದಲಿ ಯಂತ್ರವನ್ನು ನಾನು ನಮ್ಮ ಕಡೆ ಕಂಡಿಲ್ಲ.

ನನ್ನ ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಇಬ್ಬರು ಮಕ್ಕಳೂ ಬೇರೆ ಕೆಲಸದಲ್ಲಿದ್ದಾರೆ. ಅವರಿಗೆ ಅದರ ಬಗ್ಗೆ ಕೊರಗಿಲ್ಲ, “ಬೆನ್ನು ನೋವಿನ ಕಸುಬು ಸ್ವಾಮಿ, ಅವರಿಗೇಕೆ?” ಎನ್ನುತ್ತಾರೆ. ನ್ಯಾಯವಾದ ಮಾತು. ಆದರೆ ಯಾವ ಸಂದಿಗೆ ಎಣ್ಣೆ, ಯಾವುದಕ್ಕೆ ಗ್ರೀಸು, ಯಾವುದಕ್ಕೆ ಎರಡೂ ಬೇಡ ಎಂಬುದು ಅವರ ಕೈಯಲ್ಲಿದೆ, ಪುಸ್ತಕದಲ್ಲಿಲ್ಲ. ಕೀಲೆಣ್ಣೆಯನ್ನು ಕಲಸಿದ ಗಾಡಿಯವರ ಹದ ಯಾರೂ ಬರೆದಿಡದೆ ಹಾಗೆಯೇ ಹೋಯಿತು. ಇದೂ ಹಾಗಾಗಬಾರದೆಂದು ಈ ಬೇಸಗೆಯಿಂದ ಒಂದು ನೋಟ್ ಪುಸ್ತಕ ಹಿಡಿದು ಅವರ ಬಳಿ ಕುಳಿತುಕೊಳ್ಳುತ್ತಿದ್ದೇನೆ. ಹಳೆಯ ಕಾರಿರುವ ವಾಚಕರು, ಮುಂಗಾರಿನ ಮೊದಲ ಹನಿ ಬೀಳುವ ಮುಂಚೆ, ತಮ್ಮ ಬಡಾವಣೆಯಲ್ಲಿ ಉಳಿದಿರುವ ಒಬ್ಬ ಹಿರಿಯ ಮೇಸ್ತ್ರಿಯನ್ನು ಹುಡುಕಿ ಕಾರಿನ ತಳವನ್ನು ತೋರಿಸಲಿ. ಅವರು ತಟ್ಟುವಾಗ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ದನಿಯನ್ನು ತಾವೂ ಕೇಳಿಸಿಕೊಳ್ಳಲಿ.